ಇಬ್ಬರು ಕಂಡರೆ ಮಾತ್ರ

ಬಿಳಿ ಚುಕ್ಕೆ, ಅಲ್ಲ, ಚುಕ್ಕೆಯೂ ಅಲ್ಲ, ಹಾಲು ಚೆಲ್ಲಿ ಒರೆಸದೆ ಬಿಟ್ಟ ಕಲೆ, ಅದನ್ನೇ ಹಕ್ಕಿ ನೋಡುವ ಸಂಘದವರೆಲ್ಲ ಬೆಳ್ಳಕ್ಕಿ ಬೆಳ್ಳಕ್ಕಿ ಅನ್ನುತ್ತಿದ್ದಾರೆ, ಅವಳೂ ಹೌದು ಹೌದು ಎಂದು ತಲೆಯಾಡಿಸುತ್ತಾಳೆ, ಅಣ್ಣನ ದುರ್ಬೀನಿನಲ್ಲಿ ಬೆಳಗಿನಿಂದ ಕಂಡದ್ದೆಲ್ಲ ಇಂಥ ಕಲೆಗಳೇ, ಮರ ಒಂದು ಹಸಿರು ಕಲೆ, ಹಕ್ಕಿ ಮೇಷ್ಟ್ರ ಟೋಪಿ ಒಂದು ಕೆಂಪು ಕಲೆ — ಯಾಕಮ್ಮಾ, ಸರಿಯಾಗಿ ಕಾಣ್ತಿದೆಯಾ, ನಡುವೆ ತಿರುಪು ಇದೆ ನೋಡು, ತಿರುಗಿಸ್ಕೋ — ಕಾಣ್ತಿದೆ ಮೇಷ್ಟ್ರೇ, ಚೆನ್ನಾಗಿ ಕಾಣ್ತಿದೆ, ಹಸಿ ಸುಳ್ಳು, ಕನ್ನಡಕದ ಅಂಗಡಿಯಲ್ಲಿ ಕೂತು ದಿನವಿಡೀ ಊರಿನವರ ಕಣ್ಣು ಸರಿಮಾಡುವವಳಿಗೆ ತಿರುಪು ತಿರುಗಿಸಲು ಬರುವುದಿಲ್ಲವೇ, ಗೊತ್ತಿದ್ದೇ ಬೆರಳನ್ನು ಅದರ ಮೇಲೆ ಒತ್ತಿ ಹಿಡಿದಿದ್ದಾಳೆ, ಕೂದಲೆಳೆಯಷ್ಟೂ ಅಲ್ಲಾಡಬಾರದು, ಅದನ್ನು ಕೊನೆಗೆ ತಿರುಗಿಸಿದವನು ಅಣ್ಣ, ಹೋದ ಚಳಿಗಾಲ, ಇದೇ ಕೆರೆ, ಅಗೋ ನೀರಿನೊಳಕ್ಕೆ ಚಾಚಿ ನಿಂತ ಆ ಹಲಗೆ ಸೇತುವೆ, ದುರ್ಬೀನು ಅದರ ಗೂಟಕ್ಕೆ ನೇತಾಡುತ್ತಿತ್ತು, ಅಣ್ಣ ನೀರಿನಲ್ಲಿದ್ದ, ಎತ್ತಿ ಮಲಗಿಸಿದಾಗ ಅಂಗಿಯ ಗುಂಡಿಗೆ ಪಾಚಿಯ ಒಂದು ಎಳೆ ಸುತ್ತಿಕೊಂಡಿತ್ತು, ಅವಳೇ ಬಿಡಿಸಿದ್ದಳು.

ಕರಿ ಕೊಕ್ಕರೆ, ಅವನೊಬ್ಬನೇ ಕಂಡದ್ದು, ಕೂತರೂ ನಿಂತರೂ ಅದೇ ಜಪ, ನಡುಗಡ್ಡೆಯ ಒಣಮರದ ಮೇಲಿತ್ತು ಕಣೇ, ಕೆಂಪು ಕೊಕ್ಕು, ನನ್ನಾಣೆ, ಆದರೆ ಸಂಘದ ಕಟ್ಟಳೆ ಕಟ್ಟಳೆಯೇ, ಇಬ್ಬರು ಕಂಡರೆ ಮಾತ್ರ ಹಕ್ಕಿ ಲೆಕ್ಕಕ್ಕೆ, ಒಬ್ಬನೇ ಕಂಡದ್ದು ಕನಸಿಗೆ ಸಮ ಕಣಯ್ಯಾ ಎಂದು ಮೇಷ್ಟ್ರು ನಕ್ಕಿದ್ದರು, ಎಲ್ಲರೂ ನಕ್ಕಿದ್ದರು, ಕೆಟ್ಟ ನಗುವೇನಲ್ಲ, ಆಮೇಲೆ ಅವನು ಒಬ್ಬನೇ ಬರತೊಡಗಿದ, ಮಾತು ಬಿಟ್ಟ, ತಟ್ಟೆ ಮುಂದಿಂದ ಅರ್ಧಕ್ಕೇ ಏಳುತ್ತಿದ್ದ, ಹಕ್ಕಿ ಹುಚ್ಚು ಅಂದಳು ಅಮ್ಮ, ಈಗಲೂ ಅದೇ ಅನ್ನುತ್ತಾಳೆ, ಹಕ್ಕಿ ನೋಡ್ತಾ ನೋಡ್ತಾ ಕಾಲು ಜಾರ್ತು, ಕಣ್ಣು ತುಂಬ ಹಕ್ಕಿ ಇಟ್ಕೊಂಡೇ ಹೋದ ನನ್ನ ಮಗ, ಅಮ್ಮ ಜೀವ ಹಿಡಿದಿರುವುದೇ ಆ ಒಂದು ಮಾತಿನ ಮೇಲೆ, ಬೆಳಗ್ಗೆ ಬಾಗಿಲಿಗೆ ಬಂದು ಅವನ ಹಕ್ಕಿ ನೋಡ್ಕೊಂಡು ಬಾರೇ ಅಂದಳು, ಅದಕ್ಕೇ ಬಂದದ್ದು, ಅದಕ್ಕಷ್ಟೇ ಅಲ್ಲ — ಅಣ್ಣ ತಂಗಿ ಇಬ್ಬರದೂ ಕನ್ನಡಕದ ನಂಬರ್ ಒಂದೇ, ಚಿಕ್ಕಂದಿನಲ್ಲಿ ಒಬ್ಬರದನ್ನು ಒಬ್ಬರು ಕಿತ್ತುಕೊಂಡು ಓಡುತ್ತಿದ್ದವರು, ಅವನ ಹಾಗೇ ಕನ್ನಡಕ ತೆಗೆದು, ಅವನು ನಿಂತಲ್ಲೇ ನಿಂತು ನೋಡಿದರೆ ಅವನು ಕೊನೆಗೆ ಕಂಡದ್ದು ಇವಳಿಗೂ ಕಾಣಬೇಕು, ಒಣಮರ ನಿಚ್ಚಳವಾಗಿ ಕಂಡರೆ ಅಮ್ಮನ ಮಾತು ನಿಜ, ನಿಜವಾಗಲಿ, ದೇವರೇ, ನಿಜವಾಗಲಿ.

ಹಲಗೆ ಕಿರುಗುಟ್ಟುತ್ತದೆ, ಹುಷಾರಮ್ಮಾ ಎಂದು ಹಿಂದಿನಿಂದ ಮೇಷ್ಟ್ರು, ದುರ್ಬೀನು ಎತ್ತುತ್ತಾಳೆ, ನಡುಗಡ್ಡೆ — ಬೂದುಬಣ್ಣದ ಕಲೆ, ಒಣಮರ ಎಲ್ಲಿ, ಇಲ್ಲ, ಇಳಿಸುತ್ತಾಳೆ, ನಡುನೀರು ಕಲೆ, ಜೊಂಡು ಕಲೆ, ಇನ್ನೂ ಕೆಳಗೆ, ಕತ್ತು ಪೂರ್ತಿ ಬಗ್ಗಿಸಿ, ತನ್ನ ಕಾಲ ಬುಡದ ನೀರು — ಥಟ್ಟನೆ ಪಾಚಿಯ ಎಳೆಗಳು, ಒಂದೊಂದೂ ಬೇರೆ ಬೇರೆ, ಕನ್ನಡಿಯಲ್ಲಿ ಕಂಡಷ್ಟು ಸ್ವಚ್ಛ, ಮೆಲ್ಲಗೆ ಅತ್ತ, ಇತ್ತ, ಹಕ್ಕಿಯಲ್ಲ, ಅವನು ನೋಡುತ್ತಿದ್ದದ್ದು ಹಕ್ಕಿಯನ್ನಲ್ಲ, ಕಾಲ ಬುಡದ ನೀರು ನೋಡೋಕೆ ದುರ್ಬೀನು ಯಾಕೋ ಅಣ್ಣಾ, ಎಷ್ಟು ಹೊತ್ತು ನೋಡಿದೆಯೋ, ನೋಡಿ ಆದ ಮೇಲೆ ಗೂಟಕ್ಕೆ ಜೋಪಾನವಾಗಿ ನೇತುಹಾಕಿದೆಯಾ — ಮೇಷ್ಟ್ರೇ, ಬನ್ನಿ, ನೀವೂ ನೋಡಿ, ಬಾಯಿಗೆ ಬಂದೇಬಿಟ್ಟಿತು, ಒಬ್ಬಳೇ ಹೊರಲಾರಳು, ಮೇಷ್ಟ್ರು ಧಾವಿಸಿ ಬಂದು, ಎಲ್ಲಿ ಎಲ್ಲಿ, ದುರ್ಬೀನನ್ನು ಕಣ್ಣಿಗಿಟ್ಟು ನೇರ ನಡುಗಡ್ಡೆಗೇ ಹಿಡಿದು, ಅಯ್ಯೋ ಏನಮ್ಮಾ ಇದು ಬರೀ ಮಂಜು, ಅನ್ನುತ್ತಿದ್ದಂತೆ ಬೆರಳು ರೂಢಿಯಂತೆ ತಾನಾಗಿ — ಬೇಡ ಬೇಡ — ತಿರುಪು ಸರ್ರನೆ ತಿರುಗಿ, ಹಾಂ, ಈಗ ಬಂತು, ಅರೆ, ಒಣಮರ, ಕೆಂಪು ಕೊಕ್ಕು, ಕರಿ ಕೊಕ್ಕರೆ ಕಣಮ್ಮಾ, ನಿನ್ನಣ್ಣ ಹೇಳಿದ್ದು ನಿಜ, ಮೇಷ್ಟ್ರ ಕಣ್ಣಲ್ಲಿ ನೀರು, ಎಲ್ಲರೂ ಓಡಿ ಬರುತ್ತಾರೆ, ನಂಗೂ ಕಾಣ್ತು, ನಂಗೂ, ಸೇರಿತು ಲೆಕ್ಕಕ್ಕೆ, ನೀನೂ ನೋಡು ಎಂದು ದುರ್ಬೀನು ಮತ್ತೆ ಅವಳ ಕೈಗೆ, ಕನ್ನಡಕ ಹಾಕಿಕೊಂಡು ನೋಡುತ್ತಾಳೆ, ಇದೆ, ಅಣ್ಣನ ಹಕ್ಕಿ ಇದೆ, ಅಮ್ಮನಿಗೆ ಹೇಳಬಹುದು, ಕಾಣಿಸ್ತಮ್ಮಾ, ಎಲ್ಲರಿಗೂ ಕಾಣಿಸ್ತು, ಅಷ್ಟು ಸಾಕು ಅಮ್ಮನಿಗೆ, ಇನ್ನೊಂದನ್ನು ಕಂಡದ್ದು ಇವಳೊಬ್ಬಳೇ, ಒಬ್ಬಳು ಕಂಡದ್ದು ಲೆಕ್ಕಕ್ಕಿಲ್ಲ, ಕನಸಿಗೆ ಸಮ, ಆದರೂ ದುರ್ಬೀನು ಇಳಿಸಿದರೆ ಕಣ್ಣೊಳಗೆ ಪಾಚಿಯ ಎಳೆ, ಕಣ್ಣು ಮುಚ್ಚಿದರೂ ಪಾಚಿಯ ಎಳೆ, ಅತ್ತ, ಇತ್ತ, ಅತ್ತ —