ಅರಗು ಹಾಕಿದ ಲಕೋಟೆ

ಇಪ್ಪತ್ತಾರು ವರ್ಷಗಳ ಹಿಂದೆ, ಕಿಕ್ಕಿರಿದ ನ್ಯಾಯಾಲಯದಲ್ಲಿ, ನ್ಯಾಯಾಧೀಶರು ಅರಗಿನ ಮುದ್ರೆಯಿದ್ದ ಎರಡು ಲಕೋಟೆಗಳನ್ನು ತಮ್ಮ ಕೈಯಿಂದಲೇ ಒಡೆದು, ಎರಡು ವರದಿಗಳನ್ನೂ ಅಕ್ಕಪಕ್ಕ ಹರಡಿಕೊಂಡು ಓದಿದ್ದರು. ಓದಿ ಮುಗಿಸಿ, ಕನ್ನಡಕ ತೆಗೆದು, ಎದುರು ಪಕ್ಷದ ವಕೀಲರ ಕಡೆ ನೋಡಿ, "ಇನ್ನೇನಾದರೂ ಹೇಳುವುದಿದೆಯೇ?" ಎಂದಷ್ಟೇ ಕೇಳಿದ್ದರು. ನಾಲ್ಕು ವರ್ಷ ಚಪ್ಪಲಿ ಸವೆಸಿ ಗೆದ್ದ ಮೊಕದ್ದಮೆ ಅದು. ನಾನೂರು ಮನೆಗಳ ಒಂದು ವಸತಿ ಸಮುಚ್ಚಯದ ಬಾಗಿಲು, ಅದುವರೆಗೆ ಯಾರೂ ಒಳಗೆ ಬಿಟ್ಟುಕೊಳ್ಳದಿದ್ದ ಜನಕ್ಕೆ ಅಂದು ತೆರೆದಿತ್ತು. ನಾಗರಿಕ ಹಕ್ಕುಗಳ ವಿಭಾಗಕ್ಕೆ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಹಿರಿಯ ಸರ್ಕಾರಿ ವಕೀಲರು ಈ ಕಥೆ ಹೇಳುತ್ತ ಬಂದಿದ್ದರು. ಬೆನ್ನ ಹಿಂದೆ ತಮ್ಮನ್ನು 'ಲಕೋಟೆ ಸಾಹೇಬರು' ಎನ್ನುತ್ತಾರೆಂಬುದು ಅವರಿಗೆ ಗೊತ್ತಿತ್ತು; ಒಳಗೊಳಗೇ ಅದು ಹಿತವಾಗಿಯೂ ಇತ್ತು.

ಈಗ ಅದೇ ಕಥೆ ಮೇಜಿನ ಆಚೆ ಕುಳಿತ ಕಿರಿಯ ವಕೀಲೆಯ ಬಾಯಿಂದ ಅವರ ಮೇಲೇ ತಿರುಗಿ ಬಂದಿತ್ತು.

"ನೀವೇ ಹೇಳಿಕೊಟ್ಟಿದ್ದಲ್ವಾ ಸರ್? ಇಬ್ಬರು ಬೇರೆ ಬೇರೆ ಹೋಗಿ ಮನೆ ಕೇಳ್ಬೇಕು, ಒಬ್ಬರ ಮುಖ ಇನ್ನೊಬ್ಬರು ನೋಡೋಕೆ ಮುಂಚೆ ವರದಿ ಬರೆದು ಲಕೋಟೆ ಅಂಟಿಸ್ಬೇಕು ಅಂತ. ಈ ಸಲ ನಾವು ಕಳಿಸಿದ ಇಬ್ಬರೂ ಒಂದೇ ಬಸ್ಸಲ್ಲಿ ವಾಪಸ್ ಬಂದಿದಾರೆ. ದಾರಿ ಪೂರ್ತಿ ಮಾತಾಡಿದಾರೆ. ಬರೆದಿದ್ದು ಆಮೇಲೆ."

"ಆ ಗದ್ದಲದಲ್ಲಿ ಏನು ಮಾತಾಡಿರ್ತಾರಮ್ಮ? ಅದೂ ಒಬ್ಬರಿಗೆ ಕಿವಿ ಕೇಳ್ಸಲ್ಲ."

"ಕೈಯಲ್ಲಿ ಮಾತಾಡೋರಿಗೆ ಗದ್ದಲ ಏನು ಮಾಡುತ್ತೆ ಸರ್? ಇನ್ನೊಬ್ಬರು ಕಿವುಡರ ಶಾಲೆ ಟೀಚರು. ಬಸ್ಸಲ್ಲಿ ಬೇರೆ ಯಾರಿಗೂ ಒಂದಕ್ಷರ ಕೇಳಿಸಿಲ್ಲ, ಅಷ್ಟೇ."

ಹಿರಿಯರಿಗೆ ನಗು ಬಂದಿತು, ತುಟಿಯಲ್ಲೇ ಸತ್ತಿತು. ಎರಡು ವರದಿಗಳಲ್ಲೂ ಒಂದೇ ವಾಕ್ಯ ಕಣ್ಣಿಗೆ ಹೊಡೆಯುವಂತಿತ್ತು: 'ಮ್ಯಾನೇಜರು ಹಲ್ಲಿನಲ್ಲಿ ಬೆಂಕಿಕಡ್ಡಿ ಕಚ್ಚಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿದ್ದರು.' ಕಿವಿ ಕೇಳದವಳಿಗೆ ಆ ಬಾಡಿಗೆ ಮನೆಗಳ ಮ್ಯಾನೇಜರು 'ಮನೆ ಹೋಯಿತು' ಎಂದು ಚೀಟಿ ಬರೆದುಕೊಟ್ಟಿದ್ದರು. ಒಂದು ಗಂಟೆಯ ನಂತರ ಹೋದ ಟೀಚರಿಗೆ ಮೂರು ಖಾಲಿ ಮನೆಗಳ ಬೀಗ ತೆಗೆದು ತೋರಿಸಿದ್ದರು. ಅನ್ಯಾಯ ನಡೆದದ್ದು ಹಗಲಿನಷ್ಟು ಸ್ಪಷ್ಟ. ಆದರೆ 'ಪರಸ್ಪರ ಮಾತನಾಡುವ ಮೊದಲೇ ಪ್ರತ್ಯೇಕವಾಗಿ ಬರೆದದ್ದು' ಎಂಬ ಪ್ರಮಾಣಪತ್ರಕ್ಕೆ ಇಂದು ಸಂಜೆಯೊಳಗೆ ಹಿರಿಯರ ಸಹಿ ಬೀಳಬೇಕಿತ್ತು. ಅದಿಲ್ಲದೆ ಒಂದು ಮನೆಯನ್ನಾದರೂ ಖಾಲಿ ಇರಿಸುವ ಆದೇಶ ನಾಳೆ ನ್ಯಾಯಾಲಯದಿಂದ ಸಿಗುವಂತಿರಲಿಲ್ಲ.

ದೂರು ಕೊಟ್ಟವಳು ಬೇರೊಬ್ಬಳು, ಒಬ್ಬ ದರ್ಜಿ; ಅವಳ ದೂರಿನ ಮೇಲೆಯೇ ಆ ಇಬ್ಬರನ್ನು ಕಳಿಸಿದ್ದು. ಗಾಜಿನ ಗೋಡೆಯ ಆಚೆ, ಕಾರಿಡಾರಿನ ಬೆಂಚಿನ ಮೇಲೆ, ಯಾರದೋ ಲಂಗದ ಅಂಚು ಹೊಲಿಯುತ್ತ ಕುಳಿತಿದ್ದಳು. ಮೂವತ್ತು ದಾಟಿರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಕಿವಿ ಹೋದ ಮೇಲೆ ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುವುದನ್ನು ಕಲಿತವಳು. ಅಂಗಡಿಯ ಹಿಂದಿನ ಉಗ್ರಾಣದಲ್ಲಿ ತಾಯಿಯೊಂದಿಗೆ ವಾಸ. ಆ ಕಟ್ಟಡವನ್ನು ಮುಂದಿನ ವಾರ ಕೆಡವುವವರಿದ್ದರು. ಆ ಮ್ಯಾನೇಜರನ್ನೂ ಸೇರಿಸಿ ಹನ್ನೊಂದು ಕಡೆ ಮನೆ ಕೇಳಿ, ಹನ್ನೊಂದು ಕಡೆಯೂ ಇಲ್ಲವೆನಿಸಿಕೊಂಡು ಇಲ್ಲಿಗೆ ಬಂದಿದ್ದಳು.

"ಬಸ್ಸಿನ ವಿಷಯ ನಾವೇ ಹೇಳೋಣ ಸರ್," ಎಂದಳು ಕಿರಿಯಳು.

"ಹೇಳಿದ್ರೆ ನಾಳೆ ಅವರ ವಕೀಲ ಕುಣಿದಾಡ್ತಾನೆ. ಇಬ್ಬರೂ ಕೂತು ಕಟ್ಟಿದ ಕಥೆ ಅಂತಾನೆ. ಸಂಜೆ ಹೊತ್ತಿಗೆ ಮೂರೂ ಮನೆಗೆ ಬೇರೆ ಯಾರೋ ಸಾಮಾನು ಇಳಿಸ್ತಾರೆ. ಕೊಡಿಲ್ಲಿ, ಸಹಿ ಹಾಕ್ತೀನಿ."

"ನೀವಾ?"

ಆ ಒಂದೇ ಮಾತಿನಲ್ಲಿದ್ದ ನಂಬಿಕೆ ಅವರನ್ನು ಚುಚ್ಚಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೋ ಏನೋ. ಮೇಜಿನ ಅಂಚನ್ನು ಹಿಡಿದುಕೊಂಡು, ಇಷ್ಟು ವರ್ಷ ಹೆಂಡತಿಗೂ ಹೇಳದ್ದನ್ನು ಹೇಳತೊಡಗಿದರು.

"ಆ ಹಳೇ ಕೇಸಿನ ಎರಡನೇ ಲಕೋಟೆ ಇದೆಯಲ್ಲ, ಅದನ್ನ ಬರೀಬೇಕಾದ ಹೆಂಗಸು ಮನೆ ಕೇಳಿ ಬಂದ ದಿನಾನೇ ಜ್ವರ ಬಂದು ಮಲಗಿದ್ಲು. ಎಂಟು ದಿನ ಆದ್ಮೇಲೆ ನನ್ನ ರೂಮಿಗೆ ಕರೆಸ್ದೆ. ಅರ್ಧಕ್ಕರ್ಧ ಮರೆತೋಗಿತ್ತು. ಮೊದಲನೇ ವರದೀನ ನಾನೇ ಓದಿ ಹೇಳ್ದೆ. ಹೂಂ, ಹಾಗೇ ಇತ್ತು, ಹಾಗೇ ಇತ್ತು ಅಂತ ಬರೆದ್ಲು. ತಾರೀಖು ಹಿಂದಿಂದು ಹಾಕ್ಸಿದೆ. ಅರಗು ನಾನೇ ಕರಗಿಸಿ ಹಾಕ್ದೆ."

ಹಿರಿಯರು ಎದ್ದು ಕಿಟಕಿಯ ಬಳಿ ಹೋಗಿ, ಕೋಣೆಗೆ ಬೆನ್ನು ಮಾಡಿ ನಿಂತರು.

"ಆ ನಾನೂರು ಮನೇಲಿ ಈಗ ಮೊಮ್ಮಕ್ಕಳು ಓಡಾಡ್ತಿದಾರೆ. ಅವತ್ತು ನಾನು ಬಾಯಿ ಬಿಟ್ಟಿದ್ರೆ ಒಂದು ಬಾಗಿಲೂ ತೆರೀತಿರ್ಲಿಲ್ಲ. ಪಶ್ಚಾತ್ತಾಪ ಪಡೋಣ ಅಂತ ಎಷ್ಟೋ ಸಲ ಕೂತಿದೀನಮ್ಮ. ಬರೋದೇ ಇಲ್ಲ. ಬರಲ್ವಲ್ಲ ಅನ್ನೋದೇ ಭಯ."

"ನಾನು ಈ ವಿಭಾಗ ಕೇಳಿ ಹಾಕಿಸ್ಕೊಂಡಿದ್ದೇ ಆ ಕಥೆಗೋಸ್ಕರ ಸರ್." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಏನೋ ಕಳೆದುಕೊಂಡವರ ಪೆಚ್ಚುತನವಿತ್ತು. "ಈಗ ನಾನೇನು ಮಾಡ್ಲಿ?"

"ನೀವೇನೂ ಮಾಡ್ಬೇಡಿ. ನಿಮಗೆ ಗೊತ್ತೇ ಇರ್ಲಿಲ್ಲ ಅಂದ್ಕೊಳ್ಳಿ. ಹೆಸರು ನಂದು, ಪಾಪಾನೂ ನಂದು."

ಅವರು ಮರಳಿ ಬಂದು ಕುಳಿತು, ಪ್ರಮಾಣಪತ್ರವನ್ನು ಎಳೆದುಕೊಂಡು, ಮೊದಲು ತಾರೀಖು ಬರೆದರು. ಪೆನ್ನು ಸಹಿಯ ಗೆರೆಗೆ ಇಳಿಯುವಷ್ಟರಲ್ಲಿ ಬಾಗಿಲು ತೆರೆಯಿತು. ಲಂಗವನ್ನು ತೋಳಿನ ಮೇಲೆ ಹಾಕಿಕೊಂಡು ದರ್ಜಿ ನಿಂತಿದ್ದಳು.

"ತಟ್ಟಿದ್ರೆ ನೀವು ಬನ್ನಿ ಅನ್ನೋದು ನಂಗೆ ಕೇಳ್ಸಲ್ಲ. ಅದಕ್ಕೆ ಹಾಗೇ ಬಂದೆ," ಎಂದಳು, ಏರಿಳಿತವಿಲ್ಲದ ದನಿಯಲ್ಲಿ.

"ಕೂತ್ಕೊಳ್ಳಿ, ಇನ್ನೇನು ಮುಗೀತು," ಎಂದರು ಹಿರಿಯರು.

ಅವಳು ಕೂರಲಿಲ್ಲ. "ಗಾಜಿನಿಂದ ನೋಡ್ತಿದ್ದೆ. ನೋಡಬಾರದಿತ್ತು. ಇಬ್ಬರು ಬಸ್ಸಲ್ಲಿ ಮಾತಾಡಿದ್ದು ಗೊತ್ತಾಯ್ತು. ಜ್ವರ ಬಂದ ಹೆಂಗಸು, ಹಿಂದಿನ ತಾರೀಖು, ಅರಗು, ಅಷ್ಟೂ ಗೊತ್ತಾಯ್ತು." ಅವಳ ಕಣ್ಣು ಮೇಜಿನ ಮೇಲಿನ ಕಾಗದಕ್ಕೆ ಇಳಿದು, ತನ್ನ ಹೆಸರಿದ್ದ ಸಾಲಿನ ಮೇಲೆ ನಿಂತಿತು. "ಆ ಮ್ಯಾನೇಜರು ನನ್ನ ಹತ್ರ ಮಾತಾಡೋವಾಗೆಲ್ಲ ಮುಖ ತಿರುಗಿಸ್ತಿದ್ದ. ಆಮೇಲೆ ನೀವೂ ಕಿಟಕಿ ಕಡೆ ತಿರುಗಿಬಿಟ್ರಿ."

ಕಿರಿಯಳು ಎದ್ದು ತನ್ನ ಕುರ್ಚಿಯನ್ನು ಅವಳ ಕಡೆ ಸರಿಸಿದಳು. ಹಿರಿಯರ ಕೈ ಗೆರೆಯ ಮೇಲೆ ತುಸು ಹೊತ್ತು ಹಾಗೆಯೇ ನಿಂತಿತ್ತು. ಮಸಿಯ ಒಂದು ಚುಕ್ಕೆ ಹುಟ್ಟಿ, ಕಾಗದದಲ್ಲಿ ಹರಡಿತು. ಅವರು ಪೆನ್ನನ್ನು ಕೆಳಗಿಟ್ಟರು.

ದರ್ಜಿ ಕುಳಿತಳು. ಲಂಗವನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು, ಅವರ ತುಟಿಯ ಮೇಲೆ ಕಣ್ಣು ನೆಟ್ಟಳು.

"ಮೊದಲಿಂದ ಇನ್ನೊಂದ್ಸಲ ಹೇಳಿ. ನನ್ನ ಕಡೆ ನೋಡ್ಕೊಂಡು."