ಒಂಬತ್ತನೆಯ ಹಾಡು

"ಇದಕ್ಕ ಹಾಡ ಅಂತಾರೇನ್ರಿ? ತಾಳಕ್ಕ ಕೂಡಿಸಿದ ಬೈಗಳ ಇದು," ಎಂದು ಪ್ರಲ್ಹಾದ ಸರ್ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿದರು.

ಟಿಕೋಟಾದ ಪ್ರೌಢಶಾಲೆಯ ಶಿಕ್ಷಕರ ಕೋಣೆಯಲ್ಲಿ ಊಟದ ಡಬ್ಬಿಗಳು ಆಗಷ್ಟೇ ತೆರೆದುಕೊಂಡಿದ್ದವು. ವಿಜಯಪುರದ ಹುಡುಗನೊಬ್ಬನ ರ‍್ಯಾಪ್ ಆಲ್ಬಮ್ ಬಗ್ಗೆ ಪತ್ರಿಕೆ ಎರಡು ವಿಮರ್ಶೆಗಳನ್ನು ಅಕ್ಕಪಕ್ಕ ಹಾಕಿತ್ತು. ಈ ಊರಿನ ನಾಲಿಗೆ ಮೊದಲ ಸಲ ತನ್ನ ದನಿಯಲ್ಲೇ ಮಾತಾಡಿದೆ ಎಂದು ಒಬ್ಬರು ಬರೆದಿದ್ದರೆ, ಬಡತನವನ್ನು ಬೀದಿಗಿಟ್ಟು ಮಾರುವ ಗದ್ದಲ ಎಂದು ಇನ್ನೊಬ್ಬರು. ವಿಜ್ಞಾನದ ಧನಶ್ರೀ ಟೀಚರ್ ಮೊದಲನೆಯವರ ಕಡೆ. ಒಂಬತ್ತು ಹಾಡುಗಳನ್ನೂ ಅವರು ಎರಡೆರಡು ಸಲ ಕೇಳಿದ್ದರು.

ಗಣಿತ ಕಲಿಸುವ ಹೀನಾ ತಲೆ ಎತ್ತದೆ ಉಣ್ಣುತ್ತಿದ್ದಳು. 'ಜೋರಾಪುರಿ' ಎಂಬ ಹೆಸರಿನಲ್ಲಿ ಹಾಡಿದವನು ಅವಳ ತಮ್ಮ ಫಯಾಜ. ಹಾಡುಗಳು ಹೊರಬಂದ ದಿನ ಬಸ್ಸಿನಲ್ಲಿ ಕೇಳತೊಡಗಿದವಳು ಮೂರನೆಯದಕ್ಕೇ ನಿಲ್ಲಿಸಿಬಿಟ್ಟಿದ್ದಳು. ಅದು ತೀರಿಹೋದ ತಂದೆ ಲಾಡಲೇಸಾಬನ ಹಾಡು. ಅವನು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದುದು, ಎಲ್ಲರ ಊಟ ಮುಗಿದ ಮೇಲೆ ಮಂಗಲ ಕಾರ್ಯಾಲಯದ ಹಿತ್ತಿಲಲ್ಲಿ ಉಳಿದದ್ದನ್ನು ಉಂಡು ಮಕ್ಕಳಿಗೂ ಕಟ್ಟಿಕೊಂಡು ಬರುತ್ತಿದ್ದುದು, ಎಲ್ಲ ಅದರಲ್ಲಿತ್ತು. ಶಾಲೆಯಲ್ಲಿ ಹೀನಾ, ತಂದೆ ಯಾವುದೋ ಕಂಪನಿಯಲ್ಲಿದ್ದರು ಎಂದು ಹೇಳಿಕೊಂಡಿದ್ದಳು.

"ಟೀಚರ್, ನೀವೂ ಜೋರಾಪುರ ಪೇಟೆಯವರಲ್ರಿ. ಈ ಹುಡುಗ ಗೊತ್ತೇನ್ರಿ?" ಪ್ರಲ್ಹಾದ ಸರ್ ಹೀನಾಳನ್ನು ಕೇಳಿದರು.

"ಗೊತ್ತಿಲ್ರಿ ಸರ್."

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅವರು ಇನ್ನೂ ಅವಳನ್ನೇ ನೋಡುತ್ತಿದ್ದರು. "ನಮ್ಮ ಓಣ್ಯಾಗ ಇಂಥವ್ರು ಭಾಳ ಮಂದಿ ಅದಾರ್ರಿ," ಎಂದಳು. "ಕೆಲಸಿಲ್ದ ತಿರಗವ್ರು. ಮನಿ ಮರ್ಯಾದಿ ಗೊತ್ತಿರೂದಿಲ್ಲ."

ಕಡೆಯ ಹಾಡನ್ನಾದರೂ ಕೇಳಿ ಆಮೇಲೆ ಮಾತಾಡಿ ಎಂದು ಧನಶ್ರೀ ಟೀಚರ್ ಪ್ರಲ್ಹಾದ ಸರ್‌ಗೆ ಹೇಳಿ ಮೊಬೈಲ್ ಒತ್ತಿದರು. ತಾಳ ನಿಧಾನವಾಗಿತ್ತು. ಶಾಲೆ ಬಿಟ್ಟ ಹುಡುಗನೊಬ್ಬನನ್ನು ಅಕ್ಕ ದಿನಾ ಸಂಜೆ ಎದುರಿಗೆ ಕೂಡಿಸಿಕೊಂಡು, ಒಂದು ಪೆಟ್ಟೂ ಕೊಡದೆ ಓದಲು ಕಲಿಸಿದ ಕತೆ. ಹೀನಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ತಾಳ ನಿಂತ ಮೇಲೆ, ಧನಶ್ರೀ ಟೀಚರ್ ಎಂದೂ ಕಾದು ಕೇಳಿರದ ತುದಿಯಲ್ಲಿ, ಫಯಾಜ ಹಾಡುವುದನ್ನು ಬಿಟ್ಟು ಬರೀ ಮಾತಾಡಿದ್ದ: "ನಮ್ಮ ಹೀನಾ ಆಪಾ. ಟಿಕೋಟಾ ಸಾಲ್ಯಾಗ ಲೆಕ್ಕ ಕಲಸ್ತಾಳ. ನನಗ ಮಾತ ಕಲಿಸಿದಾಕಿ ಅಕಿನ."

ಧನಶ್ರೀ ಟೀಚರ್ ಗಡಿಬಿಡಿಯಿಂದ ಮೊಬೈಲ್ ಆರಿಸಿದರು. ಪ್ರಲ್ಹಾದ ಸರ್ ಪತ್ರಿಕೆಯನ್ನು ಮಡಚಿ ಮೆಲ್ಲಗೆ, "ಊಟ ಮಾಡ್ರಿ ಟೀಚರ್," ಎಂದರು. ಅವರು ಬೈದಿದ್ದರೆ ಹೀನಾಗೆ ಇಷ್ಟು ನೋಯುತ್ತಿರಲಿಲ್ಲ.

ಸಂಜೆ ಅವಳು ಮನೆಗೆ ಬಂದಾಗ ಫಯಾಜ ನೆಲದ ಮೇಲೆ ಕುಳಿತು, ಕೇಳುಗರು ಬರೆದದ್ದನ್ನು ತಾಯಿ ಬಾನುಬಿಗೆ ಓದಿ ಹೇಳುತ್ತಿದ್ದ. ಬೈದವನ್ನು ಬಿಟ್ಟು ಹೊಗಳಿದವನ್ನಷ್ಟೇ ಓದುತ್ತಿದ್ದ. ಅಕ್ಕನನ್ನು ಕಂಡು, ಶಾಲೆಯಲ್ಲಿ ಏನಂದರು ಎಂದು ಕೇಳಿದ.

ಹೀನಾ ಬುರ್ಖಾ ತೆಗೆಯದೆ ಅವನೆದುರು ಕುಳಿತಳು. "ನಿನ್ನ ಗೊತ್ತಿಲ್ಲ ಅಂದೆ ನಾ," ಎಂದಳು. ಉಳಿದದ್ದನ್ನೂ, ಒಂದು ಮಾತು ಬಿಡದೆ, ಹೇಳಿದಳು.

ಫಯಾಜ ಮೊಬೈಲನ್ನು ಬೋರಲು ಹಾಕಿದ. ಅವನ ಮುಖ ಬಾಡಿತು. "ಅಬ್ಬಾನ ಬ್ಯಾಂಡ ಬರಾಕತ್ತಿದ್ರ ನಾ ಗಲ್ಲಿ ತಿರುಗಿ ಹೋಗ್ತಿದ್ದೆ ಆಪಾ," ಎಂದ. "ಒಮ್ಮಿ ನಾ ತಿರುಗೂದನ್ನ ಅಬ್ಬಾ ನೋಡಿದ. ಅದನ್ನ ಹಾಡಿನ್ಯಾಗ ಬರದಿಲ್ಲ ನಾ."

ಬಾನುಬಿ ಎದ್ದು ಒಳಗೆ ಹೋಗಿ ರೊಟ್ಟಿ ಬಡಿದಳು. ಹಂಚಿನಿಂದ ಆಗ ತೆಗೆದ ಜೋಳದ ರೊಟ್ಟಿಯನ್ನು ತಂದು ಇಬ್ಬರ ನಡುವೆ ಇಟ್ಟಳು. ಉಬ್ಬಿದ ರೊಟ್ಟಿ ಮೆಲ್ಲಗೆ ಇಳಿಯುತ್ತಿತ್ತು. ಮೊದಲು ಮುರಿಯಲು ಇಬ್ಬರೂ ಕೈ ಚಾಚಲಿಲ್ಲ.