ಫಲಕದಲ್ಲಿಲ್ಲದ ಮಾತು

ಹೊಳೆದಂಡೆಯ ಶಿಬಿರವನ್ನು ಉಳಿಸಿದ್ದು ಯಾರು ಎಂದು ಕೇಳಿದರೆ ಊರಿನವರೆಲ್ಲ ಹಳೆಯ ಮ್ಯಾನೇಜರರತ್ತ ಕೈ ತೋರಿಸುತ್ತಾರೆ. ಎಪ್ಪತ್ತು ವರ್ಷದ ಶಿಬಿರ ಅದು. ಹಲಗೆ ಗೋಡೆಯ ಆರು ಕೋಣೆ, ಉದ್ದನೆಯ ಊಟದ ಮನೆ, ನೀರಿಗಿಳಿಯುವ ಕಲ್ಲಿನ ಮೆಟ್ಟಿಲು. ಮೂರು ತಲೆಮಾರಿನ ಮಕ್ಕಳು ರಜೆಯಲ್ಲಿ ಅಲ್ಲಿ ಈಜು ಕಲಿತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಹನ್ನೊಂದರ ಹುಡುಗಿಯೊಬ್ಬಳು ಮುಳುಗಿ ಸತ್ತ ಮೇಲೆ ಅದರ ಬಾಗಿಲು ಮುಚ್ಚಿತು.

ಅವತ್ತು ಮಕ್ಕಳ ಜೊತೆ ನೀರಿನಲ್ಲಿದ್ದವಳು ಈಜು ಟೀಚರ್. ಬೆಳಿಗ್ಗೆ ಹೊಳೆಯ ಬಣ್ಣ ನೋಡಿದವಳೇ ಮ್ಯಾನೇಜರರ ಕೋಣೆಗೆ ಹೋಗಿ, "ಸರ್, ಮೇಲೆಲ್ಲೋ ಮಳೆಯಾಗಿದೆ. ಇವತ್ತು ಮಕ್ಕಳನ್ನ ಇಳಿಸೋದು ಬೇಡ" ಅಂದಿದ್ದಳು. ಮಕ್ಕಳ ಈಜು ನೋಡಲು ತಂದೆತಾಯಂದಿರು ಬರುವ ದಿನ ಅದು.

"ಬಂದವರಿಗೆ ಏನಂತ ಹೇಳ್ಲಿ? ಅರ್ಧ ಗಂಟೆ ಇಳಿಸಿ, ಸಾಕು" ಅಂದರು ಮ್ಯಾನೇಜರ್.

ಅವಳು ಇಳಿಸಿದಳು. ವಿಚಾರಣೆಯಲ್ಲಿ ಮ್ಯಾನೇಜರ್ ಅಂಥ ಮಾತೇ ನಡೆದಿಲ್ಲ ಎಂದರು. ಆಮೇಲೆ ಯಾವ ಶಾಲೆಯೂ ಅವಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹೊಲಿಗೆ ಅಂಗಡಿಯೊಂದರಲ್ಲಿ ಗುಂಡಿ ಹಚ್ಚುತ್ತ ಕೂದಲು ಬೆಳ್ಳಗಾಯಿತು. ಅಂಗಡಿಗೆ ಹೋಗುವ ದಾರಿಯಲ್ಲೇ ಸತ್ತ ಹುಡುಗಿಯ ಮನೆ. ಆ ತಾಯಿ ಇವಳನ್ನು ಕಂಡರೆ ಸಾಕು, ದಡಾರನೆ ಕಿಟಕಿ ಮುಚ್ಚುತ್ತಿದ್ದಳು.

ಹೋದ ವರ್ಷ ಶಿಬಿರದ ಜಾಗದ ಮೇಲೆ ಹೋಟೆಲಿನವರ ಕಣ್ಣು ಬಿತ್ತು. ಹಳೆಯ ವಿದ್ಯಾರ್ಥಿಗಳು ಸಮಿತಿ ಕಟ್ಟಿ, ಅದನ್ನು ಮಕ್ಕಳಿಗೆ ನಿಸರ್ಗ ಕಲಿಸುವ ತಾಣ ಮಾಡಬೇಕೆಂದು ಹೊರಟರು. ಅಧ್ಯಕ್ಷರು, ಶಿಬಿರ ಮುಚ್ಚಿದ ಮೇಲೆ ಊರು ಬಿಟ್ಟು ಹೋಗಿ ಈಗ ಮರಳಿ ಬಂದಿದ್ದ ಮ್ಯಾನೇಜರೇ. ಆದರೆ ಎಲ್ಲಿ ನೀರುನಾಯಿಯ ಬಿಲವಿದೆ, ಯಾವ ತಿಂಗಳು ಯಾವ ಹಕ್ಕಿ ಬರುತ್ತದೆ, ಹೊಳೆ ಎಲ್ಲಿ ಒಳಗೊಳಗೇ ಸುಳಿಯುತ್ತದೆ ಎಂದು ಬಲ್ಲವಳು ಟೀಚರ್ ಒಬ್ಬಳೇ. ಮ್ಯಾನೇಜರ್ ಕೋಲೂರಿಕೊಂಡು ಹೊಲಿಗೆ ಅಂಗಡಿಗೇ ಬಂದರು.

"ಹೇಳ್ಕೊಡ್ತೀನಿ ಸರ್. ಆದ್ರೆ ಶಿಬಿರದ ಇತಿಹಾಸ ಅಂತ ಫಲಕ ಹಾಕ್ತೀರಲ್ಲ, ಅದರಲ್ಲಿ ಆ ದಿನದ್ದೂ ಬರೀಬೇಕು. ನಾನು ಬೇಡ ಅಂದಿದ್ದೆ ಅನ್ನೋದೂ ಇರ್ಬೇಕು."

ಅವರು "ಆಯ್ತು" ಅಂದರು.

ಎಂಟು ತಿಂಗಳು ಅವಳು ಕೆಸರು ತುಳಿದಳು. ಮರ ಗುರುತಿಸಿದಳು, ನಕ್ಷೆ ಬರೆಸಿದಳು, ಅಧಿಕಾರಿಗಳ ಮುಂದೆ ನಿಂತು ಗಂಟೆಗಟ್ಟಲೆ ಮಾತಾಡಿದಳು. ಹೋಟೆಲಿನವರು ಕೈಬಿಟ್ಟರು.

ಉದ್ಘಾಟನೆಯ ದಿನ ಫಲಕದ ಮೇಲಿನ ಬಟ್ಟೆ ಸರಿಯಿತು. ಚಪ್ಪಾಳೆಯ ನಡುವೆ ಅವಳು ಓದಿದಳು. 'ಕಾರಣಾಂತರಗಳಿಂದ ಶಿಬಿರ ಕೆಲಕಾಲ ಮುಚ್ಚಿತ್ತು.' ಅಷ್ಟೇ.

"ಸರ್, ಏನಿದು?"

"ಬರೆಸಿದ್ದೆ ಟೀಚರ್, ಆಣೆಗೂ ಬರೆಸಿದ್ದೆ. ತಪ್ಪು ನಂದೇ ಅಂತಾನೂ ಇತ್ತು. ತೆಗೆಸಿದ್ದು ಅವರು." ಮ್ಯಾನೇಜರ್ ಕೊನೆಯ ಸಾಲಿನ ಕುರ್ಚಿ ತೋರಿಸಿದರು. ಅಲ್ಲಿ ಆ ತಾಯಿ ಕೂತಿದ್ದಳು.

ಟೀಚರ್ ಕಾಲೆಳೆದುಕೊಂಡು ಅಲ್ಲಿಗೆ ಹೋದಳು. "ಯಾಕಕ್ಕಾ?"

"ಬಂದ ಮಕ್ಕಳೆಲ್ಲ ಬೆರಳು ಮಾಡಿ ಓದೋಕೆ ನನ್ನ ಮಗಳೇನು ಎಚ್ಚರಿಕೆ ಬೋರ್ಡಾ? ನಂಗೆ ಬೇಡ."

"ಹಾಗಾದ್ರೆ ನನ್ನ ಗತಿ?" ಮಾತು ಬಾಯಿ ಜಾರಿಬಿಟ್ಟಿತ್ತು. "ನಾನು ಬೇಡ ಅಂದಿದ್ದೆ, ಅಕ್ಕಾ. ನಿಮಗೆ ಗೊತ್ತಿಲ್ಲ."

"ಗೊತ್ತು. ಆ ವಾರವೇ ಶಿಬಿರದ ಅಡುಗೆಯವಳು ಬಂದು ಹೇಳಿದ್ಲು, ಅವಳು ಕೇಳಿಸ್ಕೊಂಡಿದ್ಲಂತೆ."

ಟೀಚರ್ ಪಕ್ಕದ ಕುರ್ಚಿಯಲ್ಲಿ ಕೂತಳು. "ಹತ್ತೊಂಬತ್ತು ವರ್ಷ..."

"ಮ್ಯಾನೇಜರು ದೊಡ್ಡ ಮನುಷ್ಯರು, ಊರು ಬಿಟ್ಟು ಹೋದ್ರು. ನೀವು ದಿನಾ ನನ್ನ ಕಿಟಕಿ ಮುಂದೆ ಹಾದುಹೋಗ್ತಿದ್ರಿ. ನಂಗೆ ಯಾರ ಮೇಲಾದ್ರೂ ಸಿಟ್ಟು ಮಾಡ್ಕೋಬೇಕಿತ್ತು." ತಾಯಿಯ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಮತ್ತೆ, ಬೇಡ ಅಂದವರು ಇಳಿಸಿದ್ಯಾಕೆ?"

ಹತ್ತೊಂಬತ್ತು ವರ್ಷದಲ್ಲಿ ಯಾರೂ ಟೀಚರನ್ನು ಹಾಗೆ ಕೇಳಿರಲಿಲ್ಲ. ತಾನೂ ಕೇಳಿಕೊಳ್ಳದಂತೆ ನೋಡಿಕೊಂಡಿದ್ದಳು.

ಆದರೂ ಮರುವಾರ ಮಕ್ಕಳ ಮೊದಲ ತಂಡ ಬಂದಾಗ ಹೊಳೆ ತೋರಿಸಲು ಅವಳೇ ಹೋದಳು. ಬೇರೆ ಯಾರಿಗೂ ಆ ನೀರು ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಸುಳಿ ತೋರಿಸುವಾಗ ಹುಡುಗಿಯೊಬ್ಬಳು ಕೇಳಿದಳು, "ಮಿಸ್, ಇಲ್ಲಿ ಯಾರಾದ್ರೂ ಸತ್ತಿದ್ದಾರಾ?"

ಜೊತೆಗಿದ್ದ ಶಾಲೆಯ ಮೇಡಂ, "ಛೆ, ಹಾಗೆಲ್ಲ ಏನಿಲ್ಲ ಪುಟ್ಟಿ" ಎಂದರು.

"ಹೌದು, ಒಬ್ಬಳು" ಅಂದಳು ಟೀಚರ್. "ನಿನ್ನಷ್ಟೇ ಇದ್ಲು. ಚೆನ್ನಾಗಿ ಈಜ್ತಿದ್ಲು. ನಾನೇ ನೀರಿಗಿಳಿಸಿದ್ದೆ."

ಮೇಡಂ ಎಲ್ಲರನ್ನೂ ಎರಡು ಹೆಜ್ಜೆ ಹಿಂದಕ್ಕೆ ಕರೆದರು.

ನಾಲ್ಕು ದಿನದಲ್ಲಿ ಸಮಿತಿಯ ಪತ್ರ ಬಂತು. ಮಕ್ಕಳ ಮನಸ್ಸಿನ ಹಿತದೃಷ್ಟಿಯಿಂದ ತಮ್ಮ ಸೇವೆ ಇನ್ನು ಬೇಕಿಲ್ಲ, ಇದುವರೆಗಿನ ಸಹಕಾರಕ್ಕೆ ಕೃತಜ್ಞತೆಗಳು ಎಂದಿತ್ತು. ಕೆಳಗೆ ಮ್ಯಾನೇಜರರ ಸಹಿ. ಟೀಚರ್ ಅದನ್ನು ಅಂಗಡಿಯಲ್ಲೇ ಓದಿ ಮಡಿಚಿಟ್ಟಳು. ಸಂಜೆಯೊಳಗೆ ಕೊಡಬೇಕಾದ ಶಾಲೆಯ ಅಂಗಿಗಳು ಮೂವತ್ತೆರಡು ಬಾಕಿ ಇದ್ದವು.